ಏಳನೇ ನಂಬರಿನ ಕಾರು: ಅಲನ್ ಕುಲ್ವಿಕಿ ಡೈಕಾಸ್ಟ್ ಮಾದರಿಗಳನ್ನು ಸಂಗ್ರಹಿಸುವವರಿಗೆ

ನನ್ನ ಮೇಜಿನ ಮೇಲೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದದ ಕಾರೊಂದಿದೆ. ಬಿಳಿ ಮತ್ತು ಕಿತ್ತಳೆ ಬಣ್ಣ, ಬಾಗಿಲ ಮೇಲೆ ದಪ್ಪನೆಯ ಏಳು. ಭೂತಗನ್ನಡಿ ಹಿಡಿದು ಮುಂದಿನ ಬಂಪರ್ ನೋಡಿದರೆ ಅಲ್ಲಿ ‘ಅಂಡರ್‌ಬರ್ಡ್’ ಎಂದು ಬರೆದಿರುವುದು ಕಾಣುತ್ತದೆ. ಫೋರ್ಡ್ ಕಂಪನಿ ಆ ಹೆಸರಿನ ಕಾರನ್ನು ಎಂದೂ ಮಾಡಿಲ್ಲ. ಅದು ಥಂಡರ್‌ಬರ್ಡ್. ಇಂಗ್ಲಿಷಿನಲ್ಲಿ ಆ ಹೆಸರಿನ ಮೊದಲ ಎರಡು ಅಕ್ಷರಗಳಾದ ಟಿ ಮತ್ತು ಎಚ್ ಅನ್ನು ಬೇಕೆಂದೇ ಕಿತ್ತುಹಾಕಲಾಗಿದೆ. 1992ರ ನವೆಂಬರ್ 15ರಂದು ಅಟ್ಲಾಂಟಾದ ಓಟಕ್ಕೆ ಇಳಿಯುವ ಮುನ್ನ ಅಮೆರಿಕದ ರೇಸ್ ಚಾಲಕ ಅಲನ್ ಕುಲ್ವಿಕಿ, ಫೋರ್ಡ್ ಮತ್ತು ಅಲ್ಲಿನ ಸ್ಟಾಕ್ ಕಾರ್ ಓಟಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಎರಡರ ಒಪ್ಪಿಗೆ ಪಡೆದು ಈ ಬದಲಾವಣೆ ಮಾಡಿಸಿದ್ದರು. ಗೆಲ್ಲಲಾರರು ಎಂದು ಎಲ್ಲರೂ ಎಣಿಸಿದವರನ್ನು ಇಂಗ್ಲಿಷಿನಲ್ಲಿ ‘ಅಂಡರ್‌ಡಾಗ್’ ಎನ್ನುತ್ತಾರೆ; ತಾನು ಗೆಲ್ಲುತ್ತೇನೆಂದು ಯಾರೂ ನಂಬದಿದ್ದರೂ ಪರವಾಗಿಲ್ಲ ಎಂಬುದನ್ನು ಅವರು ಹೇಳಿದ್ದು ಹೀಗೆ. ಆ ಸಂಜೆ ಅವರು ಆ ವರ್ಷದ ಚಾಂಪಿಯನ್ ಆದರು.

ಡೈಕಾಸ್ಟ್ ಎಂದರೆ ಕರಗಿಸಿದ ಸತು ಮಿಶ್ರಲೋಹವನ್ನು ಒತ್ತಡದಲ್ಲಿ ಅಚ್ಚಿಗೆ ತುಂಬಿ ತೆಗೆದ ಮಾದರಿ. ಮಕ್ಕಳ ಆಟಿಕೆಯೂ ಅದರಲ್ಲೇ ಆಗುತ್ತದೆ, ದೊಡ್ಡವರು ಗಾಜಿನ ಬೀರುವಿನಲ್ಲಿ ಇಡುವ ಮಾದರಿಯೂ ಅದರಲ್ಲೇ ಆಗುತ್ತದೆ. ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಮಾದರಿ ಎಂದು ಹುಡುಕಲು ಹೊರಟರೆ ಕಣ್ಣಿಗೆ ಬೀಳುವುದು ಡೇಲ್ ಅರ್ನ್‌ಹಾರ್ಟ್ ಅವರ ಕಪ್ಪು ಕಾರು, ಜೆಫ್ ಗಾರ್ಡನ್ ಅವರ ಕಾಮನಬಿಲ್ಲಿನ ಬಣ್ಣದ ಕಾರು, ರಿಚರ್ಡ್ ಪೆಟಿ ಅವರ ನೀಲಿ ಕಾರು. ಅವು ಸಾವಿರಾರು ಇವೆ. ಹೊಸಬರು ಅವುಗಳಿಂದಲೇ ಶುರು ಮಾಡಿ, ಎರಡು ವರ್ಷದಲ್ಲಿ ಬೀರು ತುಂಬಿಸಿ, ಆಮೇಲೆ ಬೇಸರಪಟ್ಟು ಬಿಡುತ್ತಾರೆ. ನನ್ನ ಸಲಹೆ ಬೇರೆ. ಹೆಚ್ಚು ಜನ ಬೆನ್ನು ಹತ್ತದ ಒಬ್ಬ ರೇಸರನ್ನು ಆರಿಸಿಕೊಳ್ಳಿ. ಅವರ ಬದುಕನ್ನು ಮೊದಲು ಓದಿಕೊಳ್ಳಿ, ಕಾರನ್ನು ಆಮೇಲೆ ಕೊಳ್ಳಿ. ಯಾವ ಮಾದರಿ ಸರಿ, ಯಾವುದು ತಪ್ಪು, ಯಾವುದಕ್ಕೆ ಹಣ ಕೊಡಬಹುದು ಎಂಬುದನ್ನು ಆ ಓದೇ ನಿಮಗೆ ಹೇಳುತ್ತದೆ. ಕುಲ್ವಿಕಿ ಇದಕ್ಕೆ ಹೇಳಿಮಾಡಿಸಿದ ಹೆಸರು. ನ್ಯಾಸ್ಕಾರ್‌ನ ಅತ್ಯುನ್ನತ ಸರಣಿಯಾದ ಕಪ್ ಸರಣಿಯಲ್ಲಿ ಅವರು ಓಡಿದ್ದು 207 ಓಟ, ಗೆದ್ದಿದ್ದು ಐದು, ಗೆದ್ದ ಚಾಂಪಿಯನ್‌ಶಿಪ್ ಒಂದು. ಒಬ್ಬ ಮನುಷ್ಯ ನಿಧಾನವಾಗಿ ಕೂಡಿಟ್ಟು ಮುಗಿಸಬಹುದಾದಷ್ಟೇ ದೊಡ್ಡ ಲೋಕ ಅದು.

ಯಾರು ಈ ಕುಲ್ವಿಕಿ?

ಹುಟ್ಟಿದ್ದು 1954ರ ಡಿಸೆಂಬರ್ 14ರಂದು, ವಿಸ್ಕಾನ್ಸಿನ್ ರಾಜ್ಯದ ಗ್ರೀನ್‌ಫೀಲ್ಡ್‌ನಲ್ಲಿ. ತಂದೆ ರೇಸ್ ಕಾರುಗಳ ಎಂಜಿನ್ ಕಟ್ಟುವವರು. ಮಗ ಮಿಲ್ವಾಕಿಯ ವಿಶ್ವವಿದ್ಯಾಲಯದಲ್ಲಿ 1977ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಆಗಿನ ನ್ಯಾಸ್ಕಾರ್ ಅಮೆರಿಕದ ದಕ್ಷಿಣ ರಾಜ್ಯಗಳವರ ಮನೆಯಂಗಳದ ಆಟ. ಉತ್ತರದ ರಾಜ್ಯದಿಂದ, ಕೈಯಲ್ಲಿ ಪದವಿ ಹಿಡಿದು ಬಂದವರನ್ನು ಅಲ್ಲಿ ಯಾರೂ ಕರೆದು ಕೂರಿಸಿಕೊಳ್ಳುವಂತಿರಲಿಲ್ಲ. ಮುಂದೆ ಕಾಲೇಜು ಪದವಿ ಇದ್ದ ಮೊದಲ ಕಪ್ ಚಾಂಪಿಯನ್ ಅವರೇ ಆದರು. 

1985ರಲ್ಲಿ ತಮ್ಮದೆಂಬುದನ್ನೆಲ್ಲ ಮಾರಿ ನಾರ್ತ್ ಕೆರೊಲಿನಾದ ಷಾರ್ಲೆಟ್ ಕಡೆಗೆ ಹೊರಟರು. ಹೊರಡುವುದಕ್ಕೆ ಎರಡು ದಿನ ಇರುವಾಗ ಅವರ ಟ್ರಕ್‌ಗೆ ಬೆಂಕಿ ಬಿತ್ತು. ಎರವಲು ತಂದ ಗಾಡಿಯಲ್ಲಿ ಊರು ಬಿಟ್ಟರು. 1986ರಲ್ಲಿ ವರ್ಷದ ಹೊಸ ಚಾಲಕ ಪ್ರಶಸ್ತಿ ಬಂತು. ಆಮೇಲೆ ಅವರೇ ತಂಡದ ಮಾಲೀಕರು, ಅವರೇ ಚಾಲಕರು, ಎಂಜಿನಿಯರೂ ಅವರೇ. ದೊಡ್ಡ ತಂಡದ ಮಾಲೀಕ ಜೂನಿಯರ್ ಜಾನ್ಸನ್ ತಮ್ಮ ಕಾರು ಓಡಿಸಲು ಕರೆದಾಗ ಒಲ್ಲೆ ಎಂದರು. ಬೇರೆಯವರ ಕಾರಿನಲ್ಲಿ ಗೆಲ್ಲುವುದಕ್ಕಿಂತ ತನ್ನ ಕಾರಿನಲ್ಲಿ ಸೋಲುವುದು ಮೇಲು ಎಂದುಕೊಂಡವರ ಹಾಗೆ ನಡೆದುಕೊಂಡರು. ಅವರ ನಂತರ ಮಾಲೀಕ–ಚಾಲಕರೊಬ್ಬರು ಚಾಂಪಿಯನ್ ಆಗಲು 2011ರವರೆಗೆ, ಟೋನಿ ಸ್ಟೀವರ್ಟ್ ಬರುವವರೆಗೆ ಕಾಯಬೇಕಾಯಿತು.

ಈಗ ಆ ಅಟ್ಲಾಂಟಾ ಓಟದ ಲೆಕ್ಕ ನೋಡಿ. ಸಂಗ್ರಹಕಾರರಿಗೆ ಇದು ತಿಳಿದಿರಲೇಬೇಕು. ಸೆಪ್ಟೆಂಬರಿನಲ್ಲಿ ಡೋವರ್ ಓಟದಲ್ಲಾದ ಅಪಘಾತದ ನಂತರ, ಆರೇ ಓಟಗಳು ಉಳಿದಿದ್ದಾಗ, ವರ್ಷದ ಅಂಕಪಟ್ಟಿಯಲ್ಲಿ ಕುಲ್ವಿಕಿ ಮೊದಲ ಸ್ಥಾನದವರಿಗಿಂತ 278 ಅಂಕ ಹಿಂದಿದ್ದರು. ಕೊನೆಯ ಓಟವಾದ ಅಟ್ಲಾಂಟಾಕ್ಕೆ ಬರುವಷ್ಟರಲ್ಲಿ ಆರು ಜನರಿಗೆ ಚಾಂಪಿಯನ್ ಆಗುವ ಅವಕಾಶ ಉಳಿದಿತ್ತು. ಅಂಕಗಳಲ್ಲಿ ಡೇವಿ ಆಲಿಸನ್ ಮುಂದಿದ್ದರು, ಆದರೆ ಓಟದ ನಡುವೆ ಡಿಕ್ಕಿಯಾಗಿ ಅವರ ಆಸೆ ಮುಗಿಯಿತು. ಬಿಲ್ ಎಲಿಯಟ್ ಮತ್ತು ಕುಲ್ವಿಕಿ ಇಬ್ಬರೇ ಉಳಿದರು. ಇಂಧನ, ಟೈರುಗಳಿಗಾಗಿ ನಿಲ್ಲಿಸುವ ಮೊದಲ ಪಿಟ್ ನಿಲುಗಡೆಯಲ್ಲೇ ಕುಲ್ವಿಕಿ ಕಾರಿನ ಒಂದನೇ ಗೇರ್ ಮುರಿದಿತ್ತು. ಪ್ರತಿ ಸಲವೂ ಮೇಲಿನ ಗೇರಿನಲ್ಲೇ ಕಾರನ್ನು ಎಳೆದುಕೊಂಡು ಹೊರಡಬೇಕಿತ್ತು. ಆದರೂ ಹೆಚ್ಚು ಸುತ್ತು ಮುಂದಿದ್ದವರಿಗೆ ಸಿಗುವ ಐದು ಅಂಕದ ಮೇಲೆ ಅವರೂ, ಅವರ ತಂಡದ ಮುಖ್ಯಸ್ಥ ಪಾಲ್ ಆಂಡ್ರೂಸ್ ಅವರೂ ಕಣ್ಣಿಟ್ಟಿದ್ದರು. 328 ಸುತ್ತಿನ ಓಟದಲ್ಲಿ ಕುಲ್ವಿಕಿ 103 ಸುತ್ತು ಮುಂದಿದ್ದರು, ಎಲಿಯಟ್ 102. ಓಟ ಗೆದ್ದಿದ್ದು ಎಲಿಯಟ್, ಎರಡನೆಯವರಾಗಿ ಬಂದಿದ್ದು ಕುಲ್ವಿಕಿ. ಚಾಂಪಿಯನ್‌ಶಿಪ್ ಮಾತ್ರ 4,078ಕ್ಕೆ 4,068, ಅಂದರೆ ಹತ್ತು ಅಂಕದಿಂದ ಕುಲ್ವಿಕಿ ಪಾಲಾಯಿತು. ಆ ಐದು ಅಂಕ ಎಲಿಯಟ್‌ಗೆ ಹೋಗಿದ್ದರೆ ಇಬ್ಬರೂ ಸಮ. ಆಗ ಆ ವರ್ಷ ಹೆಚ್ಚು ಓಟ ಗೆದ್ದಿದ್ದ ಎಲಿಯಟ್‌ಗೆ ಪಟ್ಟ ಹೋಗುತ್ತಿತ್ತು. ಎಂಜಿನಿಯರ್ ಒಬ್ಬರು ಒಂದು ಸುತ್ತಿನ ಲೆಕ್ಕದಲ್ಲಿ ವರ್ಷವನ್ನೇ ಗೆದ್ದುಕೊಂಡರು. ಟಿವಿ ಕ್ಯಾಮೆರಾಗಳು ಕಾಯುತ್ತಿರುವಾಗ ಅವರು ಕಾರಿನೊಳಗೇ ಕುಳಿತು ತಲೆ ಬಾಚಿಕೊಂಡು ಆಮೇಲೆ ಹೊರಬಂದರು.

1993ರ ಏಪ್ರಿಲ್ 1ರ ರಾತ್ರಿ ಟೆನಿಸಿಯ ಬ್ಲೌಂಟ್‌ವಿಲ್ ಬಳಿ ಅವರಿದ್ದ ಪುಟ್ಟ ವಿಮಾನ ನೆಲಕ್ಕಪ್ಪಳಿಸಿತು. ಬ್ರಿಸ್ಟಲ್ ಓಟಕ್ಕೆ ಹೊರಟಿದ್ದರು. ವಯಸ್ಸು 38. ಚಾಂಪಿಯನ್ ಆಗಿ ಐದು ತಿಂಗಳೂ ತುಂಬಿರಲಿಲ್ಲ. ಅವರ ಹೆಸರು ಅರ್ನ್‌ಹಾರ್ಟ್, ಗಾರ್ಡನ್‌ಗಳ ಹಾಗೆ ಮನೆಮಾತಾಗದೆ ಹೋದದ್ದಕ್ಕೆ ಈ ಅಲ್ಪಾಯುಷ್ಯವೇ ದೊಡ್ಡ ಕಾರಣ. ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಅವರು ಸೇರಿದ್ದು 2019ರಲ್ಲಿ.

ಯಾವ ಯಾವ ಕಾರು ಹುಡುಕಬೇಕು

ಒಬ್ಬ ರೇಸರನ ಸಂಗ್ರಹವನ್ನು ಪ್ರಾಯೋಜಕರ ಬಣ್ಣದ ಪ್ರಕಾರ ಜೋಡಿಸಿಕೊಂಡರೆ ತಲೆ ಕೆಡುವುದಿಲ್ಲ. ಕುಲ್ವಿಕಿ ಅವರದು ನಾಲ್ಕು ಘಟ್ಟ. 1986ರಲ್ಲಿ ಕ್ವಿನ್ಸೀಸ್ ಸ್ಟೀಕ್‌ಹೌಸ್, ಆ ಕಾರಿನ ನಂಬರ್ 35. 1987ರಿಂದ 1990ರವರೆಗೆ ಜೆರೆಕ್ಸ್ ಕೂಲೆಂಟ್ ಕಂಪನಿ. ನಂಬರ್ ಏಳು ಆದದ್ದು ಇಲ್ಲಿಂದ. 1991ರ ಆರಂಭದಲ್ಲಿ ಪ್ರಾಯೋಜಕರೇ ಇರಲಿಲ್ಲ. ಕೊಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಡೇಟೋನಾ 500 ಎಂಬ ಓಟದಲ್ಲಿ ಐದು ಕಾರುಗಳು ಅಮೆರಿಕದ ಸೇನಾ ವಿಭಾಗಗಳ ಹೆಸರು ಹೊತ್ತು ಓಡಿದವು. ಭೂಸೇನೆಯ ಹೆಸರು ಕುಲ್ವಿಕಿ ಕಾರಿಗೆ ಬಂತು. ನಾಲ್ಕನೆಯದು ಹೂಟರ್ಸ್ ರೆಸ್ಟೋರೆಂಟ್. ಅದು ಸಿಕ್ಕಿದ್ದೂ ಅಕಸ್ಮಾತ್ತಾಗಿ. ಅದೇ ವಸಂತದಲ್ಲಿ ಅಟ್ಲಾಂಟಾದಲ್ಲಿ ಹೂಟರ್ಸ್ ಹಣ ಹಾಕಿದ್ದ ಬೇರೆ ಕಾರು ಅರ್ಹತೆ ಪಡೆಯಲಿಲ್ಲ, ಪ್ರಾಯೋಜಕರಿಲ್ಲದ ಕುಲ್ವಿಕಿ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಒಂದು ಓಟಕ್ಕೆಂದು ಬಂದ ನಂಟು ಕೊನೆಯವರೆಗೂ ಉಳಿಯಿತು.

ಹೀಗೆ ನೋಡಿದರೆ ನಾಲ್ಕು ಕಾರು ಕೂಡಿಟ್ಟರೆ ಒಂದು ಜೀವನ ಸಾಲಾಗಿ ನಿಲ್ಲುತ್ತದೆ. ಹೂಟರ್ಸ್ ಕಾರು ಸುಲಭವಾಗಿ ಸಿಗುತ್ತದೆ, ಜೆರೆಕ್ಸ್ ಮತ್ತು ಭೂಸೇನೆಯವು ಅಷ್ಟು ಸಲೀಸಲ್ಲ, 35ನೇ ನಂಬರಿನದಕ್ಕೆ ತಾಳ್ಮೆ ಬೇಕು. ಐದು ಗೆಲುವುಗಳನ್ನೇ ಆಧಾರವಾಗಿಟ್ಟುಕೊಳ್ಳುವವರೂ ಇದ್ದಾರೆ: 1988ರ ಫೀನಿಕ್ಸ್, 1990ರ ರಾಕಿಂಗ್‌ಹ್ಯಾಮ್, 1991ರ ಬ್ರಿಸ್ಟಲ್, 1992ರ ಬ್ರಿಸ್ಟಲ್ ಮತ್ತು ಪೊಕೊನೊ. ಫೀನಿಕ್ಸ್‌ನಲ್ಲಿ ಗೆದ್ದ ಮೇಲೆ ಅವರು ಟ್ರ್ಯಾಕನ್ನು ಉಲ್ಟಾ ಸುತ್ತಿದರು. ಹಾಗೆ ತಿರುಗಿದರೆ ಚಾಲಕರ ಕಿಟಕಿ ಪ್ರೇಕ್ಷಕರ ಕಡೆಗಿರುತ್ತದೆ, ಕೈಬೀಸಬಹುದು. ಅವರ ಪೋಲಿಷ್ ಮೂಲದಿಂದಾಗಿ ಅದಕ್ಕೆ ಪೋಲಿಷ್ ವಿಜಯದ ಸುತ್ತು ಎಂಬ ಹೆಸರೇ ಬಂದುಬಿಟ್ಟಿತು.

ಇನ್ನೊಂದು ಚೆಂದದ ಯೋಜನೆ ಇದೆ. ಅಟ್ಲಾಂಟಾದ ಆ ಒಂದೇ ದಿನವನ್ನು ಕೂಡಿಡುವುದು. ಕುಲ್ವಿಕಿಯ 7, ಎಲಿಯಟ್‌ರ 11, ಆಲಿಸನ್‌ರ 28. ಅದೇ ದಿನ ಕೊನೆಯ ಓಟ ಓಡಿದ ರಿಚರ್ಡ್ ಪೆಟಿ ಅವರ 43. ಅದೇ ದಿನ ಮೊದಲ ಓಟ ಓಡಿದ ಜೆಫ್ ಗಾರ್ಡನ್ ಅವರ 24. ಐದು ಕಾರುಗಳಲ್ಲಿ ಒಂದು ಕಾಲ ಮುಗಿದು ಇನ್ನೊಂದು ಶುರುವಾದದ್ದು ಕಾಣುತ್ತದೆ. ಎಲಿಯಟ್ ಕಾರಿನ ಪ್ರಾಯೋಜಕರು ಬಿಯರ್ ಕಂಪನಿಯಾದ್ದರಿಂದ ಮಕ್ಕಳ ಆಟಿಕೆಯಾಗಿ ಮಾರಿದ ಮಾದರಿಗಳಲ್ಲಿ ಆ ಹೆಸರು ಇಲ್ಲದೆ ಇರುವುದುಂಟು. ಅದನ್ನು ದೋಷ ಎಂದುಕೊಳ್ಳಬೇಡಿ.

ಅಳತೆ ಮತ್ತು ತಯಾರಕರು

ಪೇಟೆಯಲ್ಲಿ ಮುಖ್ಯವಾಗಿ ಸಿಗುವ ಅಳತೆ ಎರಡು. ಅರವತ್ತನಾಲ್ಕನೇ ಒಂದು ಭಾಗದ್ದು, ಅಂದರೆ 1:64. ನಾಲ್ಕು ಬೆರಳಗಲ, ಸುಮಾರು 8 ಸೆಂಟಿಮೀಟರ್. ಇಪ್ಪತ್ತನಾಲ್ಕನೇ ಒಂದು ಭಾಗದ್ದು 1:24. ಸುಮಾರು 21 ಸೆಂಟಿಮೀಟರ್. 1:18 ಅಳತೆಯವೂ ಇವೆ, ಒಂದೊಂದೂ ಒಂದಡಿಯ ಹತ್ತಿರ ಬರುತ್ತದೆ. ಸ್ಥಳ ನೋಡಿಕೊಂಡು ಒಂದೇ ಅಳತೆಗೆ ಅಂಟಿಕೊಳ್ಳಿ. ಬೇರೆ ಬೇರೆ ಅಳತೆಯವು ಒಟ್ಟಿಗೆ ನಿಂತರೆ ನೋಟ ಕೆಡುತ್ತದೆ.

1:64ರಲ್ಲಿ ಕುಲ್ವಿಕಿ ಕಾಲದ ದೊಡ್ಡ ಹೆಸರು ರೇಸಿಂಗ್ ಚಾಂಪಿಯನ್ಸ್. 1989ರಲ್ಲಿ ಇಲಿನಾಯ್‌ನಲ್ಲಿ ಶುರುವಾದ ಕಂಪನಿ, ತಯಾರಿಕೆ ಚೀನಾದಲ್ಲಿ. ರಟ್ಟಿನ ಮೇಲೆ ಪ್ಲಾಸ್ಟಿಕ್ ಗುಳ್ಳೆಯೊಳಗೆ ಕಾರು, ಜೊತೆಗೆ ಚಾಲಕರ ಚಿತ್ರದ ಕಾರ್ಡು ಮತ್ತು ಒಂದು ಪುಟ್ಟ ಸ್ಟ್ಯಾಂಡ್ ಇಟ್ಟು ಮಾರುತ್ತಿದ್ದರು. ಅಂಗಡಿ ಅಂಗಡಿಗಳಲ್ಲಿ ಸಿಗುತ್ತಿದ್ದ ಇವು ಇಂದೂ ಕಡಿಮೆ ಬೆಲೆಯವು. ಮೊದಲ ಕುಲ್ವಿಕಿ ಕಾರು ಕೊಳ್ಳುವವರು ಇಲ್ಲಿಂದಲೇ ಶುರು ಮಾಡಬಹುದು. 1:24ರಲ್ಲಿ 1990ರ ದಶಕದ ದೊಡ್ಡ ಹೆಸರು ಆಕ್ಷನ್. ಇದರ ಮೇಲ್ದರ್ಜೆಯ ಎಲೀಟ್ ಮಾದರಿಗಳಲ್ಲಿ ಬಾನೆಟ್ ತೆರೆದು ಎಂಜಿನ್ ನೋಡಬಹುದು, ತಲೆಕೆಳಗು ಮಾಡಿದರೆ ಛಾಸಿಯ ಕೊಳವೆಗಳು ಕಾಣುತ್ತವೆ. ಅದೇ ಕಂಪನಿಯ ‘ಬ್ಯಾಂಕ್’ ಎಂಬ ಮಾದರಿಗಳು ಮೂಲತಃ ಹುಂಡಿಗಳು. ನಾಣ್ಯ ಹಾಕುವ ಸೀಳು ಇರುತ್ತದೆ, ಒಳಗಿನ ವಿವರ ಕಡಿಮೆ. ಮಾರುವವರು ಎಲ್ಲವನ್ನೂ 1:24 ಎಂದಷ್ಟೇ ಹೇಳುತ್ತಾರೆ. ಹುಂಡಿಗೆ ಎಲೀಟ್‌ನ ಬೆಲೆ ಕೊಡಬೇಡಿ. ನ್ಯಾಸ್ಕಾರ್ ಅಧಿಕೃತ ಡೈಕಾಸ್ಟ್ ಕೆಲಸ 2010ರ ನಂತರ ಲಯನಲ್ ಕಂಪನಿಯ ಕೈಗೆ ಬಂದಿದೆ. ಹಳೆಯ ಚಾಲಕರ ಕಾರುಗಳನ್ನು ಅವರು ಆಗೀಗ ಹೊಸದಾಗಿ ಹೊರತರುತ್ತಾರೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾದ್ದು

ಕೆಲವು ವರ್ಷಗಳ ಹಿಂದೆ ‘1992ರ ಚಾಂಪಿಯನ್ ಕಾರು’ ಎಂಬ ಮಾತು ನಂಬಿ ಒಂದು 1:24 ಮಾದರಿ ತರಿಸಿದೆ. ಷಾರ್ಲೆಟ್‌ನಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದುಕೊಟ್ಟ. ಡಬ್ಬಿ ಬಿಚ್ಚಿದ ಸಂಜೆಯೆಲ್ಲ ಸಂತೋಷ. ಮಾರನೆಯ ದಿನ ಬೆಳಕಿನಲ್ಲಿ ನೋಡುವಾಗ ಮೇಲ್ಛಾವಣಿಯ ಹಿಂಭಾಗದಲ್ಲಿ ಎರಡು ಆಯತಾಕಾರದ ಗೆರೆಗಳು ಕಂಡವು. ಅವು ರೂಫ್ ಫ್ಲ್ಯಾಪ್. ಕಾರು ವೇಗದಲ್ಲಿ ಹಿಂದುಮುಂದಾಗಿ ತಿರುಗಿದಾಗ ಎದ್ದು ನಿಂತು, ಗಾಳಿಯಲ್ಲಿ ಕಾರು ಹಾರದಂತೆ ತಡೆಯುವ ತಗಡುಗಳು. ನ್ಯಾಸ್ಕಾರ್ ಅವನ್ನು ತಂದದ್ದು 1994ರಲ್ಲಿ. ಕುಲ್ವಿಕಿ ತೀರಿಕೊಂಡಿದ್ದು 1993ರಲ್ಲಿ. ಅವರ ಯಾವ ಕಾರಿಗೂ ಅವು ಇರಲು ಸಾಧ್ಯವೇ ಇಲ್ಲ. ಬೇರೆ ಕಾರಿನ ಅಚ್ಚಿನ ಮೇಲೆ ಅವರ ಬಣ್ಣ ಬಳಿದಿದ್ದರು. ಆ ಮಾದರಿಯನ್ನು ನಾನು ಇಟ್ಟುಕೊಂಡಿದ್ದೇನೆ, ಆದರೆ ಕೊಟ್ಟ ಬೆಲೆಗೆ ಅದು ತಕ್ಕದ್ದಲ್ಲ. ನೀವು ಕೊಳ್ಳುವಾಗ ಮಾರುವವರಿಂದ ಮೇಲ್ಛಾವಣಿಯ ಫೋಟೋವನ್ನು ಮೊದಲು ಕೇಳಿ ಪಡೆಯಿರಿ.

ಹೀಗೆ ನಿಮ್ಮ ಓದು ನಿಮ್ಮ ಕಣ್ಣಾಗುತ್ತದೆ. ಇನ್ನೂ ಕೆಲವು ಪರೀಕ್ಷೆಗಳಿವೆ.

ಥಂಡರ್‌ಬರ್ಡ್‌ನ ಮೈಕಟ್ಟು 1989ರಲ್ಲಿ ಬದಲಾಯಿತು. ಆದ್ದರಿಂದ 1988ರ ಫೀನಿಕ್ಸ್ ಗೆಲುವಿನ ಜೆರೆಕ್ಸ್ ಕಾರು ಹಳೆಯ ಮೈಕಟ್ಟಿನದಾಗಿರಬೇಕು, 1990ರ ರಾಕಿಂಗ್‌ಹ್ಯಾಮ್ ಕಾರು ಹೊಸದರದು. ಎರಡಕ್ಕೂ ಒಂದೇ ಅಚ್ಚು ಬಳಸಿದ್ದರೆ ಎರಡರಲ್ಲಿ ಒಂದು ತಪ್ಪು. ಅಂತರಜಾಲದಲ್ಲಿ ಆ ಓಟದ ಫೋಟೋ ಇಟ್ಟುಕೊಂಡು ಮೂಗು ಮತ್ತು ಹಿಂದಿನ ಗಾಜಿನ ಇಳಿಜಾರು ಹೋಲಿಸಿದರೆ ತಕ್ಷಣ ಗೊತ್ತಾಗುತ್ತದೆ.

ಸ್ಕೇಲು ಹಿಡಿದು ಅಳೆಯುವುದೂ ಒಳ್ಳೆಯದು. ಆ ಕಾಲದ ಕಪ್ ಕಾರುಗಳ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 110 ಅಂಗುಲ, ಅಂದರೆ ಸುಮಾರು 279 ಸೆಂಟಿಮೀಟರ್ ಎಂದು ನಿಗದಿಯಾಗಿತ್ತು. 1:24ರಲ್ಲಿ ಅದು 11.6 ಸೆಂಟಿಮೀಟರ್ ಆಗಬೇಕು, 1:64ರಲ್ಲಿ 4.4. ಅಗ್ಗದ ಮಾದರಿಗಳು ಇಲ್ಲಿ ಸಿಕ್ಕಿಬೀಳುತ್ತವೆ. ಅಂಥದ್ದನ್ನು ಕೊಳ್ಳಬಾರದು ಎಂದಲ್ಲ. ಕಡಿಮೆ ಬೆಲೆಗೆ ಕೊಳ್ಳಬೇಕು.

ಬಣ್ಣದ ಮೇಲಿನ ಅಕ್ಷರಗಳು ಹೇಗೆ ಬಂದಿವೆ ಎಂದು ನೋಡಿ. ಒಳ್ಳೆಯ ಮಾದರಿಗಳಲ್ಲಿ ಅವನ್ನು ಟ್ಯಾಂಪೋ ಎಂಬ ವಿಧಾನದಲ್ಲಿ ಮೆತ್ತನೆಯ ಸಿಲಿಕೋನ್ ಒತ್ತುಗಟ್ಟಿಯಿಂದ ನೇರ ಲೋಹದ ಮೇಲೆ ಅಚ್ಚೊತ್ತಿರುತ್ತಾರೆ. ಉಗುರಿನ ತುದಿಯಿಂದ ಮೆಲ್ಲಗೆ ಸವರಿದರೆ ಅಂಚು ಸಿಗುವುದಿಲ್ಲ. ಅಂಚು ಸಿಕ್ಕರೆ ಅದು ಸ್ಟಿಕ್ಕರ್, ಇಲ್ಲವೇ ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್. ಡಿಕಾಲ್ ಇದ್ದ ಮಾತ್ರಕ್ಕೆ ನಕಲಿಯಲ್ಲ. ಹಳೆಯ ಕಾರಿನ ಬಣ್ಣ ಕಿತ್ತು, ಸಿಗದ ಪ್ರಾಯೋಜಕರ ಬಣ್ಣವನ್ನು ಕೈಯಾರೆ ಮಾಡುವ ಕುಶಲಿಗಳು ಅಮೆರಿಕದಲ್ಲಿ ಬಹಳ ಜನರಿದ್ದಾರೆ, ಅವರ ಕೆಲಸ ಮೆಚ್ಚುವಂಥದ್ದು. 35ನೇ ನಂಬರಿನ ಕಾರು ನಿಮಗೆ ಅವರಿಂದಲೇ ಸಿಗಬಹುದು. ಆದರೆ ಕೈಯಾರೆ ಮಾಡಿದ್ದನ್ನು ಕಂಪನಿಯದೆಂದು ಮಾರಿದರೆ ಅದು ಮೋಸ.

ಬುಡದಲ್ಲಿ ಕೊರೆದಿರುವ ವರ್ಷ ನೋಡಿ ಮೋಸ ಹೋಗಬೇಡಿ. ಅದು ಅಚ್ಚಿನ ಹಕ್ಕು ಪಡೆದ ವರ್ಷ; ಅದೇ ಅಚ್ಚಿನಿಂದ ಮುಂದೆ ಎಷ್ಟೋ ವರ್ಷ ಕಾರು ತೆಗೆದಿರುತ್ತಾರೆ. ಏಳು ನಂಬರ್ ಕಂಡ ಕೂಡಲೇ ಕುಲ್ವಿಕಿ ಎಂದೂ ತಿಳಿಯಬೇಡಿ. ಅವರ ನಂತರ ತಂಡವನ್ನು ಕೊಂಡ ಜೆಫ್ ಬೋಡೈನ್ ಅದೇ ನಂಬರಿನಲ್ಲಿ ಎಕ್ಸೈಡ್ ಬ್ಯಾಟರಿಯ ಹೆಸರಿನೊಂದಿಗೆ ಓಡಿದರು. ಚಾವಣಿಯ ಮೇಲೆ, ಬಾಗಿಲ ಮೇಲಂಚಿನಲ್ಲಿ ಚಾಲಕರ ಹೆಸರಿರುತ್ತದೆ, ಅದನ್ನು ಓದಿ.

ಕೊನೆಗೆ ಆ ಬಂಪರ್. ಅಟ್ಲಾಂಟಾ ಕಾರು ಎಂದು ಹೇಳಿ ಮಾರುವ ಮಾದರಿಯಲ್ಲಿ ‘ಅಂಡರ್‌ಬರ್ಡ್’ ಎಂದಿರಬೇಕು. ‘ಥಂಡರ್‌ಬರ್ಡ್’ ಎಂದೇ ಇದ್ದರೆ ಅದು 1992ರ ಬೇರೆ ಯಾವುದೋ ಓಟದ ಕಾರು ಆಗಬಹುದು, ಆ ಒಂದು ದಿನದ ಕಾರು ಅಲ್ಲ. ಎರಡಕ್ಷರ ಇರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟು ವ್ಯತ್ಯಾಸ.

ಬೆಲೆಯ ಮಾತು

‘ಐದು ಸಾವಿರದಲ್ಲಿ ಒಂದು’ ಎಂದು ಡಬ್ಬಿಯ ಮೇಲೆ ಬರೆದಿರುವುದಕ್ಕೆ ಮಾರುಹೋಗಬೇಡಿ. 1990ರ ದಶಕದಲ್ಲಿ ಇವನ್ನು ಚಿನ್ನದ ಹಾಗೆ ಕೂಡಿಟ್ಟವರು ಬಹಳ ಜನ. ಅಷ್ಟೂ ಡಬ್ಬಿಗಳು ಈಗ ಅವರ ಮಾಳಿಗೆಯಿಂದ ಕೆಳಗಿಳಿದು ಪೇಟೆಗೆ ಬರುತ್ತಿವೆ, ಹಾಗಾಗಿ ಬೆಲೆ ಇಳಿದಿದೆ. ಹಣ ಹೂಡಿ ಲಾಭ ಮಾಡುವ ಆಸೆಯಿದ್ದರೆ ಈ ಹವ್ಯಾಸ ಬೇಡ. ಪ್ರೀತಿಯಿಂದ ಕೂಡಿಡುವವರಿಗೆ ಮಾತ್ರ ಇದು ಒಳ್ಳೆಯ ಕಾಲ.

ಈಬೇಯಂಥ ಕಡೆ ಮಾರುವವರು ಕೇಳುವ ಬೆಲೆ ನೋಡಬೇಡಿ, ಈಗಾಗಲೇ ಮಾರಿಹೋದವುಗಳ ಬೆಲೆ ತೋರಿಸುವ ಆಯ್ಕೆ ಒತ್ತಿ ನೋಡಿ. ಕೇಳುವ ಬೆಲೆಗೂ ಮಾರಿದ ಬೆಲೆಗೂ ಅಜಗಜಾಂತರ ಇರುತ್ತದೆ. ಕುಲ್ವಿಕಿ ಎಂದು ಹುಡುಕುವಾಗ ಇಂಗ್ಲಿಷ್ ಹೆಸರಿನ ಕಾಗುಣಿತವನ್ನು ಎರಡು ಮೂರು ರೀತಿ ತಪ್ಪಾಗಿಯೂ ಬರೆದು ಹುಡುಕಿ. ಮಾರುವವರೇ ತಪ್ಪು ಬರೆದ ಡಬ್ಬಿಗಳು ಯಾರ ಕಣ್ಣಿಗೂ ಬೀಳದೆ ಅಗ್ಗಕ್ಕೆ ಉಳಿದಿರುತ್ತವೆ. ‘1990ರ ದಶಕದ ಮಿಶ್ರ ಕಾರುಗಳು’ ಎಂದು ಇಪ್ಪತ್ತು ಮೂವತ್ತನ್ನು ಒಟ್ಟಿಗೆ ಮಾರುವ ಗಂಟುಗಳ ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿ.

ಅಮೆರಿಕದಿಂದ ತರಿಸುವಾಗ ಅಂಚೆ ವೆಚ್ಚ ಕಾರಿನ ಬೆಲೆಯನ್ನೇ ಮೀರಬಹುದು. ಅದರ ಮೇಲೆ ಸುಂಕ. ಅಳತೆಗೆ ಮಾಡಿದ ಮಾದರಿಗಳು ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆಗಳ ಜೊತೆಗೇ ಬರುತ್ತವೆ. 2020ರ ಬಜೆಟ್‌ನಲ್ಲಿ ಆಟಿಕೆಗಳ ಮೂಲ ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು, ಆಮೇಲೂ ಬದಲಾಗುತ್ತ ಬಂದಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತಿನ ನಿಯಮವೂ ಬಂದಿದೆ. ಆದ್ದರಿಂದ ಹಣ ಕಳಿಸುವ ಮುನ್ನ ಆ ಹೊತ್ತಿನ ದರವನ್ನೂ ನಿಯಮವನ್ನೂ ವಿಚಾರಿಸಿಕೊಳ್ಳಿ. ಅಮೆರಿಕದಲ್ಲಿ ನೆಂಟರಿದ್ದರೆ ಅವರ ಮನೆ ವಿಳಾಸಕ್ಕೆ ತರಿಸಿ, ಬರುವಾಗ ಒಂದೆರಡನ್ನು ತರಲು ಕೇಳಿಕೊಳ್ಳುವುದೇ ನೆಮ್ಮದಿ. ಷಾರ್ಲೆಟ್ ಸುತ್ತ ಕನ್ನಡಿಗರು ಸಾಕಷ್ಟಿದ್ದಾರೆ, ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಇರುವುದೂ ಅದೇ ಊರಿನಲ್ಲಿ. ಅಲ್ಲಿಗೆ ಹೋಗುವವರಿಗೆ ಹಳೆ ಸಾಮಾನಿನ ಅಂಗಡಿ, ಮನೆಯಂಗಳದ ಮಾರಾಟಗಳಲ್ಲಿ ಕಣ್ಣಾಡಿಸಲು ಹೇಳಿ. ಗುರುತಿಗೆ ಬಿಳಿ–ಕಿತ್ತಳೆ ಬಣ್ಣ ಮತ್ತು ಏಳು ನಂಬರ್ ಸಾಕು.

ನಮ್ಮ ಹವೆಯಲ್ಲಿ ಉಳಿಸಿಕೊಳ್ಳುವುದು

ಕರಾವಳಿ, ಮಲೆನಾಡಿನವರು ಇದನ್ನು ಗಮನವಿಟ್ಟು ಓದಿ. ಮಳೆಗಾಲದಲ್ಲಿ ಮೊದಲು ಹಾಳಾಗುವುದು ಕಾರಲ್ಲ, ರಟ್ಟು. ಬೂಷ್ಟು ಹಿಡಿದ ಕಾರ್ಡು ಮತ್ತೆ ಸರಿಯಾಗದು. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ತಿಂಗಳಿಗೊಮ್ಮೆ ಬದಲಿಸಿ. ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಸೀರೆ ಬೀರುವಿನಲ್ಲಿ ಇಡುವ ಆ ಬಿಳಿ ಗುಳಿಗೆಯ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕಾರಿನ ಕಿಟಕಿಯ ಪ್ಲಾಸ್ಟಿಕ್ ಮಂಕಾದರೆ ತೊಳೆದರೂ ಸರಿಹೋಗುವುದಿಲ್ಲ. ಹೊಸ ಪ್ಲೈವುಡ್ ಬೀರುವೂ ಅಪಾಯವೇ. ಅದರ ಆಮ್ಲದ ಆವಿ ಸತುವನ್ನು ತಿನ್ನುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಕಾರು ಇಡಬೇಡಿ.

ರಬ್ಬರ್ ಟೈರು ಪ್ಲಾಸ್ಟಿಕ್ ತಳದ ಮೇಲೆ ವರ್ಷಗಟ್ಟಲೆ ಕೂತರೆ ಎರಡೂ ಅಂಟಿಕೊಂಡು ಕಲೆಯಾಗುತ್ತದೆ. ಟೈರಿನಡಿ ಒಂದು ಚೂರು ಆಮ್ಲರಹಿತ ಕಾಗದ ಇಡಿ, ಅಥವಾ ಛಾಸಿಯ ಕೆಳಗೆ ಪುಟ್ಟ ಮರದ ತುಂಡು ಕೊಟ್ಟು ಚಕ್ರಗಳನ್ನು ಎತ್ತಿಡಿ. ಬಿಸಿಲು ನೇರವಾಗಿ ಬೀಳುವ ಕಡೆ ಬೇಡ. ಕಿತ್ತಳೆ ಬಣ್ಣ ಬೇಗ ಮಾಸುತ್ತದೆ, ಪ್ಲಾಸ್ಟಿಕ್ ಗುಳ್ಳೆ ಹಳದಿಯಾಗುತ್ತದೆ. ಧೂಳು ಕೊಡವಲು ಮೇಕಪ್ಪಿನ ಮೆತ್ತನೆ ಕುಂಚ ಸಾಕು. ಬೆರಳ ಗುರುತು ಇದ್ದರೆ ಶುದ್ಧೀಕರಿಸಿದ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ. ತಿನ್ನರ್, ಪೆಟ್ರೋಲ್, ಸ್ಯಾನಿಟೈಸರ್ ಯಾವುದನ್ನೂ ಹತ್ತಿರ ತರಬೇಡಿ, ಅಚ್ಚಿನ ಅಕ್ಷರ ಅಳಿಸಿಹೋಗುತ್ತದೆ.

ಲೋಹದಲ್ಲೇ ರೋಗ ಬರುವುದೂ ಉಂಟು. ಸತುವಿನ ಮಿಶ್ರಣಕ್ಕೆ ಸೀಸದಂಥ ಕಲಬೆರಕೆ ಸೇರಿದ್ದರೆ ವರ್ಷಗಳ ಮೇಲೆ ಮೈ ಉಬ್ಬಿ, ಕೂದಲೆಳೆಯ ಬಿರುಕು ಬಿಟ್ಟು ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಇದು ಹೆಚ್ಚು, 1990ರ ದಶಕದವುಗಳಲ್ಲಿ ಅಪರೂಪ. ಆದರೂ ಬಣ್ಣದ ಕೆಳಗೆ ಗುಳ್ಳೆ ಎದ್ದ ಕಾರು ಕೊಳ್ಳಬೇಡಿ. ಮೂಲ ಡಬ್ಬಿ, ಒಳಗಿನ ಫೋಮ್, ಪ್ರಮಾಣಪತ್ರಗಳನ್ನು ಎಸೆಯಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕಾರಿನ ಮುಂದೆ ಯಾವ ವರ್ಷ, ಯಾವ ಓಟ, ಯಾರಿಂದ, ಎಷ್ಟಕ್ಕೆ ಎಂದು ಬರೆದಿಡಿ. ನಾಳೆ ನಿಮ್ಮ ಮಕ್ಕಳಿಗೆ ಅದು ಬರೀ ತಗಡಿನ ಕಾರು ಎನಿಸದಿರಲು ಆ ಪುಸ್ತಕ ಬೇಕು.

ಒಂದು ಲಾರಿ

ಕಾರುಗಳನ್ನು ಓಟದಿಂದ ಓಟಕ್ಕೆ ಸಾಗಿಸುವ ಉದ್ದನೆಯ ಲಾರಿಗಳ ಮಾದರಿಗಳನ್ನೂ ಆ ಕಾಲದಲ್ಲಿ ಮಾಡಿ ಮಾರಿದ್ದಾರೆ. ಕಾರುಗಳ ಮೇಲೆ ಕಣ್ಣಿಟ್ಟವರು ಅವನ್ನು ಬದಿಗೆ ಸರಿಸುತ್ತಾರೆ. ಕುಲ್ವಿಕಿ ವಿಷಯದಲ್ಲಿ ಹಾಗೆ ಮಾಡಬಾರದು. ವಿಮಾನ ಬಿದ್ದ ಮಾರನೆಯ ದಿನ, 1993ರ ಏಪ್ರಿಲ್ 2ರಂದು, ಅವರ ತಂಡದ ಲಾರಿ ಬ್ರಿಸ್ಟಲ್ ಟ್ರ್ಯಾಕಿನ ಮೇಲೆ ಬಂತು. ಮುಂಭಾಗದಲ್ಲಿ ಕಪ್ಪು ಹೂಹಾರ. ಓಟಗಾರರೂ ಮೆಕ್ಯಾನಿಕ್‌ಗಳೂ ನಿಂತು ನೋಡುತ್ತಿರುವಾಗ ಅದು ನಿಧಾನವಾಗಿ ಟ್ರ್ಯಾಕ್ ಸುತ್ತಿ, ಗೇಟು ದಾಟಿ ಮನೆಯ ಕಡೆ ಹೊರಟುಹೋಯಿತು. ಎರಡು ದಿನಗಳ ನಂತರ ಅಲ್ಲಿ ಓಟ ಗೆದ್ದ ರಸ್ಟಿ ವ್ಯಾಲೇಸ್ ಕುಲ್ವಿಕಿಯ ಹಾಗೆಯೇ ಉಲ್ಟಾ ಸುತ್ತು ಹೊಡೆದರು.

ಆ ಬಣ್ಣದ ಲಾರಿ ನನ್ನ ಬೀರುವಿನಲ್ಲಿ ಇನ್ನೂ ಇಲ್ಲ, ಹುಡುಕುತ್ತಿದ್ದೇನೆ. ನಿಮಗೆ ಎಲ್ಲಾದರೂ ಮೊದಲು ಸಿಕ್ಕರೆ ನೀವೇ ಇಟ್ಟುಕೊಳ್ಳಿ, ಅಂಡರ್‌ಬರ್ಡ್ ಕಾರಿನ ಪಕ್ಕದಲ್ಲೇ ನಿಲ್ಲಿಸಿ.